ಮುತ್ತಜ್ಜ ಸತ್ತ ತಾರೀಖು

ಮುತ್ತಜ್ಜ ಸತ್ತ ತಾರೀಖು ಮಾತ್ರ ಸಿಗುತ್ತಿರಲಿಲ್ಲ.

ಮಿಕ್ಕದ್ದೆಲ್ಲ ಸಿಕ್ಕಿತ್ತು. ನಿವೃತ್ತ ಮೇಷ್ಟ್ರು ಮೂರು ತಿಂಗಳಿಂದ ದಾಖಲೆ ಕೋಣೆಯ ಧೂಳು ಕುಡಿದು, ಸೀನಿ ಸೀನಿ ಮೂಗು ಕೆಂಪಗೆ ಮಾಡಿಕೊಂಡು ಹುಡುಕಿದ್ದರು. ಈಗ ತಮ್ಮ ಹೊಲವಿರುವ ಬಯಲಿನಲ್ಲಿ ಕಲ್ಲು ಕಿತ್ತು, ಮುಳ್ಳು ಕಡಿದು, ಮೊಟ್ಟಮೊದಲು ನೇಗಿಲು ಹೂಡಿದವನು ತಮ್ಮ ಮುತ್ತಜ್ಜನೇ ಎನ್ನುವುದಕ್ಕೆ ಈಗ ಕಾಗದದ ಆಧಾರವಿತ್ತು. ಹೊಲದ ಅಂಚಿನಲ್ಲಿ ನಿಲ್ಲಿಸಲು ಕಲ್ಲು ಕೆತ್ತಿಸಿಯೂ ಆಗಿತ್ತು. ಹುಟ್ಟಿದ ವರ್ಷ, ಪಕ್ಕದಲ್ಲೊಂದು ಗೆರೆ, ಗೆರೆಯಾಚೆ ಖಾಲಿ.

ಕಲ್ಲಿಗಿಂತ ಅವಸರದ್ದು ಜಮೀನು. ಅಪ್ಪ ತೀರಿಕೊಂಡು ಹನ್ನೊಂದು ವರ್ಷ. ಅಂದಿನಿಂದ ಹೊಲ ಮಾಡುತ್ತಿದ್ದವಳು ತಂಗಿ. ಮೇಷ್ಟ್ರು ಪೇಟೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದರು. ಈಗ ಅವಳು ಜಮೀನಿನ ಕಾಗದಕ್ಕೆ ತನ್ನ ಹೆಸರನ್ನೂ ಸೇರಿಸಬೇಕೆಂದು ಅರ್ಜಿ ಹಾಕಿದ್ದಳು. ಮೇಷ್ಟ್ರು ತಕರಾರು ಹಾಕಿದ್ದರು.

"ನೀನು ದುಡಿದಿಲ್ಲ ಅಂತ ಯಾರಮ್ಮಾ ಅಂದ್ರು?" ಎಂದರು ಅವರು, ಅಡುಗೆಮನೆಯ ಬಾಗಿಲಲ್ಲಿ ನಿಂತು. "ಆದ್ರೆ ಇದು ಗಂಡಸರ ಬೆವರಿಂದ ಎದ್ದ ಹೊಲ. ಗಂಡಸರ ಹೆಸರಲ್ಲೇ ಇಳಿದು ಬಂದಿದೆ. ದಾಖಲೆ ಏನು ಹೇಳತ್ತೋ ಅದೇ ಆಗ್ಲಿ."

ತಂಗಿ ಉಗುರಿನ ಸಂದಿಯ ಮಣ್ಣು ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಆಗ್ಲಿ ಅಣ್ಣ. ಆದ್ರೆ ಎಲ್ಲಾ ದಾಖಲೇನೂ ತೆಗೆಸಿ."

ಅದೇ ಉತ್ಸಾಹದಲ್ಲಿ ಮೇಷ್ಟ್ರು ಮರುದಿನ ಬೆಳಿಗ್ಗೆ ದಾಖಲೆ ಕೋಣೆಯ ಮೇಜಿನ ಮೇಲೆ ಕಾಗದಗಳನ್ನು ಹರಡಿದರು. ಅಲ್ಲಿನ ಮೇಲ್ವಿಚಾರಕಿ ಕಡಿಮೆ ಮಾತಿನ ಹೆಂಗಸು. ಮೂರು ತಿಂಗಳಲ್ಲಿ ಅವಳಿಗೂ ಮುತ್ತಜ್ಜ ಬಾಯಿಪಾಠವಾಗಿದ್ದ.

"ಮಂಜೂರಾತಿ ಪತ್ರ ನೋಡಿ," ಎಂದರು ಮೇಷ್ಟ್ರು. "ಹತ್ತು ವರ್ಷ ಜಮೀನು ಪಡೆದವನೇ ಖುದ್ದಾಗಿ ಉಳಬೇಕು. ಅಷ್ಟರಲ್ಲಿ ಸತ್ತರೆ ಜಮೀನು ಸರ್ಕಾರಕ್ಕೆ ವಾಪಸ್. ಹೆಂಡತಿ ಹೆಸರಿಗೆ ಮಾಡೋ ಹಾಗಿಲ್ಲ. ಎಷ್ಟು ಕಟ್ಟುನಿಟ್ಟು! ಆದ್ರೂ ಗೆದ್ದ."

"ಗೆದ್ದ," ಎಂದಳು ಮೇಲ್ವಿಚಾರಕಿ.

"ನಾಲ್ಕನೇ ವರ್ಷದ ಜನಗಣತಿ. ಹೆಂಡತಿ ಇದಾಳೆ, ಐದು ವರ್ಷದ ಮಗ ಇದಾನೆ. ಯಜಮಾನ ಎಲ್ಲಿ ಅಂದ್ರೆ, ಹೊಲದಲ್ಲಿ ಅಂತ ಅವಳ ಉತ್ತರ. ಹದಿನಾಲ್ಕನೇ ವರ್ಷದ ಗಣತಿ. ಮತ್ತೆ ಅದೇ ಉತ್ತರ. ಮನೆಗೆ ಬರೋಕೂ ಪುರಸೊತ್ತಿರ್ಲಿಲ್ಲ ಮಹಾರಾಯನಿಗೆ!"

"ಮಗ ಒಬ್ಬನೇ. ಆಮೇಲೆ ಮಕ್ಕಳೇ ಆಗಿಲ್ಲ."

"ಸಂಯಮ ಅಂದ್ರೆ ಅದು!"

ಮೇಲ್ವಿಚಾರಕಿ ಪ್ರತಿ ವರ್ಷದ ಬೆಳೆ ತನಿಖೆಯ ಹಾಳೆಗಳನ್ನು ತಿರುಗಿಸಿದಳು. ಎಲ್ಲದರ ಕೆಳಗೂ ಮುತ್ತಜ್ಜನ ಹೆಸರು, ಒಂದು ಹೆಬ್ಬೆಟ್ಟಿನ ಗುರುತು. ಅದರ ಪಕ್ಕದಲ್ಲಿ ತನ್ನ ಹೆಬ್ಬೆರಳನ್ನು ಇಟ್ಟು ನೋಡಿದಳು.

"ನನ್ನ ಬೆರಳಿನಷ್ಟೇ ಇದೆ ಮೇಷ್ಟ್ರೇ."

"ದುಡಿದು ದುಡಿದು ಸವೆದಿದೆ ಕಣಮ್ಮ. ಮಗನಿಗೆ ಹದಿನೆಂಟು ತುಂಬಿದ ತಿಂಗಳೇ ಹೊಲಾನ ಅವನ ಹೆಸರಿಗೆ ಬಿಟ್ಟುಕೊಟ್ಟ. ಯಾರು ಕೊಡ್ತಾರೆ ಈಗ ಹಾಗೆ?"

ಮೇಲ್ವಿಚಾರಕಿ ಹಾಳೆಗಳನ್ನು ಜೋಡಿಸಿಟ್ಟು, "ಹಳೇ ಆಸ್ಪತ್ರೆಯ ಪುಸ್ತಕಗಳು ಹೋದ ವಾರ ಇಲ್ಲಿಗೆ ಬಂದಿವೆ. ಇನ್ನೂ ಕಟ್ಟು ಬಿಚ್ಚಿಲ್ಲ. ಅದ್ರಲ್ಲಿ ಹುಡುಕಲಾ?" ಎಂದು ಕೇಳಿದಳು.

ಮೇಷ್ಟ್ರ ಮುಖ ಊರಗಲವಾಯಿತು. "ಹುಡುಕಿ! ಏನೇ ಸಿಗಲಿ, ಲಕೋಟೆಯಲ್ಲಿ ಹಾಕಿ ಮುಚ್ಚಿ, ನೇರ ವಿಚಾರಣೆಗೇ ಕಳಿಸಿಬಿಡಿ. ನನ್ನ ಕೈಗೆ ಕೊಡಬೇಡಿ. ತಿದ್ದಿದ ಅಂತ ನಾಳೆ ಯಾರೂ ಬೆರಳು ತೋರಿಸ್ಬಾರದು."

ವಿಚಾರಣೆಯ ದಿನ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ತಂಗಿ ಹೊಲದಿಂದ ನೇರ ಬಂದವಳು, ಚಪ್ಪಲಿಯ ಕೆಸರನ್ನು ಮೆಟ್ಟಿಲಿಗೆ ಒರೆಸಿ ಒಳಗೆ ಕಾಲಿಟ್ಟಳು. ಒಂದೇ ಬೆಂಚು. ನಡುವೆ ಮೂರು ಜನ ಕೂರುವಷ್ಟು ಜಾಗ ಬಿಟ್ಟು ಕೂತರು.

ಭೂ ಅಧಿಕಾರಿಗೆ ಇಂಥ ಅಣ್ಣತಂಗಿಯರನ್ನು ನೋಡಿ ನೋಡಿ ಸಾಕಾಗಿತ್ತು. "ನಿಮ್ಮ ವಾದ ಚುಟುಕಾಗಿ ಹೇಳಿ," ಎಂದರು.

ಮೇಷ್ಟ್ರು ಎದ್ದು ನಿಂತರು. ಹಳೆಯ ತರಗತಿಯ ಧ್ವನಿ ತಾನಾಗಿ ಬಂತು. "ಒಂದೇ ಮಾತು ಸರ್. ಆ ಬರಡು ಭೂಮಿಯನ್ನ ಹೊಲ ಮಾಡಿದವರು ಯಾರೋ, ಹಕ್ಕು ಅವರ ದಾರಿ ಹಿಡಿದೇ ಹೋಗ್ಬೇಕು. ಗಂಡಸು ಮಾಡಿದ್ರೆ ಗಂಡಸಿಗೆ."

"ಹೆಂಗಸು ಮಾಡಿದ್ರೆ?"

ಮೇಷ್ಟ್ರು ನಕ್ಕರು. "ಹೆಂಗಸು ಮಾಡಿದ್ರೆ ನನ್ನ ತಕರಾರೇ ಇಲ್ಲ. ಅರ್ಧ ಅಲ್ಲ, ಪೂರ್ತಿ ಹೊಲ ನನ್ನ ತಂಗಿಗೇ ಬರೀರಿ."

"ಇದನ್ನ ಬರ್ಕೊಳ್ಳಲಾ?"

"ಧಾರಾಳವಾಗಿ."

ಗುಮಾಸ್ತ ಬರೆದ. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಓದಿ, ಒಂದು ಕಾಗುಣಿತ ತಿದ್ದಿಸಿ, ದುಂಡಗೆ ಸಹಿ ಹಾಕಿದರು. ತಂಗಿ ಒಮ್ಮೆ ಅವರ ಕಡೆ ನೋಡಿದಳು.

ಆಮೇಲೆ ಅಧಿಕಾರಿ ಲಕೋಟೆ ಒಡೆದರು. ಒಳಗೆ ಒಂದೇ ಹಾಳೆ. ಮೊದಲು ಮನಸ್ಸಿನಲ್ಲೇ ಓದಿಕೊಂಡರು. ಮಂಜೂರಾತಿ ಪತ್ರವನ್ನು ಎಳೆದುಕೊಂಡು ತಾರೀಖು ನೋಡಿದರು. ಇನ್ನೊಮ್ಮೆ ಹಾಳೆ ನೋಡಿದರು.

"ನಿಮ್ಮ ಮುತ್ತಜ್ಜ ಸತ್ತ ತಾರೀಖು ಸಿಕ್ಕಿದೆ ಮೇಷ್ಟ್ರೇ."

"ಗಟ್ಟಿಯಾಗಿ ಓದಿ ಸರ್. ಇವಳಿಗೂ ಕೇಳ್ಲಿ."

"ಜಮೀನು ಮಂಜೂರಾದ ಹತ್ತೊಂಬತ್ತನೇ ದಿನ," ಎಂದ ಅಧಿಕಾರಿ ಹಾಳೆ ಓದಿದರು: "ಹಾವು ಕಡಿತ. ಶವವನ್ನು ಹೆಂಡತಿ ಒಯ್ದು, ತಮ್ಮ ಹೊಸ ಹೊಲದಲ್ಲೇ ಹೂಳಿದ್ದಾಳೆ."