ದೇವೀರಪ್ಪನವರ ದನಿ

"ಯಾರಿದು?" ಎಂದರು ಚೌಡಮ್ಮ.

ಫಿರ್ದೋಸ್ ವಿಡಿಯೊ ನಿಲ್ಲಿಸಿದಳು. ಸಕಲೇಶಪುರದ ಅವಳ ಪುಟ್ಟ ಸ್ಟುಡಿಯೋಗೆ ಇಷ್ಟು ದಿನ ಬಂದಿದ್ದೆಲ್ಲ ಮದುವೆ, ಗೃಹಪ್ರವೇಶದ ಕೆಲಸ. ಇದು ಮೊದಲ ದೊಡ್ಡ ಕೆಲಸ. ಮೂರು ಸಲ ಜಿಲ್ಲಾ ಪಂಚಾಯಿತಿಗೆ ಗೆದ್ದು, ಹೋದ ವರ್ಷ ತೀರಿಕೊಂಡ ದೇವೀರಪ್ಪನವರ ಪುಣ್ಯತಿಥಿಗೆ ಶ್ರದ್ಧಾಂಜಲಿ ವಿಡಿಯೊ. ಪರದೆಯ ಮೇಲೆ ದೇವೀರಪ್ಪ ಬಿಳಿ ಪಂಚೆಯುಟ್ಟು ಮೋಡಗಳ ನಡುವೆ ನಡೆದು ಬಂದು, "ನನ್ನ ಪ್ರೀತಿಯ ಬಂಧುಗಳೇ" ಎಂದು ನೀರು ಹರಿದ ಹಾಗೆ ಮಾತಾಡಿದ್ದರು.

"ನಮ್ ದೇವೀರಣ್ಣನೇ ಕಣ್ರೀ ಅತ್ತಿಗೆ," ಎಂದ ಮಹೇಶ್. ಇಪ್ಪತ್ತು ವರ್ಷ ದೇವೀರಪ್ಪನವರ ಬೆನ್ನಿಗೆ ನಿಂತಿದ್ದವನು; ವಿಡಿಯೊ ಮಾಡಿಸುತ್ತಿದ್ದವನೂ ಅವನೇ. "ಎಐನಲ್ಲಿ ಮಾಡ್ಸಿರೋದು. ದನಿನೂ ಅವರ್ದೇ."

"ದನಿ ಅವರ್ದು. ಮಾತು ಅವರ್ದಲ್ಲ. ನಮ್ಮೆಜಮಾನ್ರಿಗೆ ಉಗ್ಗಿತ್ತಲ್ಲ ಮಹೇಶ, ಮರ್ತ್‌ಬುಟ್ಯಾ?"

ಮಹೇಶ್ ತಲೆ ತಗ್ಗಿಸಿದ. "ಮರ್ತಿಲ್ಲ ಅತ್ತಿಗೆ. ಎದುರು ಪಾರ್ಟಿಯೋರು ಸ್ಟೇಜ್ ಮೇಲೆ ಅಣಕ ಮಾಡ್ತಿದ್ರು. ನಾನು ಎಷ್ಟು ಜನರ ಕುತ್ತಿಗೆಪಟ್ಟಿ ಹಿಡ್ದಿದೀನಿ ನಿಮಗೇ ಗೊತ್ತು. ಈಗ್ಲಾದ್ರೂ ದೇವೀರಣ್ಣ ಚೆನ್ನಾಗಿ ಮಾತಾಡ್ಲಿ ಅಂತ."

"ಬದುಕಿದ್ದಾಗ್ಲೂ ಚೆನ್ನಾಗೇ ಮಾತಾಡ್ತಿದ್ರು," ಎಂದರು ಚೌಡಮ್ಮ. ಕೈಚೀಲದಿಂದ ಮೊಬೈಲ್ ತೆಗೆದು ಫಿರ್ದೋಸ್‌ಗೆ ಕೊಟ್ಟರು. "ಇದ್ರಾಗೆ ಒಂದೈತೆ, ನೋಡವ್ವ. ನಾನೇ ತೆಗ್ದಿದ್ದು. ಕೈ ನಡುಗ್‌ಬುಟ್ಟೈತೆ."

ಕುಂದೂರು ಕಡೆಯ ಎಸ್ಟೇಟೊಂದರಲ್ಲಿ ಕಾಫಿ ಕೊಯ್ಯಲು ಹೊರಟಿದ್ದ ಹೆಂಗಸನ್ನು ಆನೆ ತುಳಿದು ಕೊಂದ ದಿನದ ವಿಡಿಯೊ ಅದು. ಕೆಲಸದವರ ಲೈನ್ ಮನೆಗಳ ಮುಂದೆ ಜನ ರಸ್ತೆಗೆ ಅಡ್ಡ ಕೂತಿದ್ದರು. ದೇವೀರಪ್ಪ ಪಿಕಪ್ ಗಾಡಿ ಹತ್ತಿ ನಿಂತರು. "ಆನೆ ಕಾಡಿಗೆ ಹೋ... ಹೋ..." ಮಾತು ಅಲ್ಲೇ ಸಿಕ್ಕಿಕೊಂಡಿತು. ಕತ್ತಿನ ನರ ಉಬ್ಬಿತು. ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ದೇವೀರಪ್ಪ ಸಿಟ್ಟಾಗಲಿಲ್ಲ. ನಗು ಬಂದ ಕಡೆಗೆ ತಿರುಗಿ, "ನ... ನಗು ಮಾರಾಯ. ನನ್ ಮಾತು ಬರೋದು ನಿಧಾನ. ಬಂದ್ ಮೇಲೆ ಬದ್ಲಾಗಲ್ಲ," ಎಂದರು. ಆಮೇಲೆ ಒಂದೊಂದೇ ಪದ ಹೊರಗೆ ಬಂತು. "ಆನೆ ಕಾಡಿಗೆ ಹೋಗೋ ತನಕ ನಾನು ಮ... ಮನೆಗೆ ಹೋಗಲ್ಲ. ನಿಮ್ ಲೈನಲ್ಲೇ ಮಲಗ್ತೀನಿ."

"ಮಲಗಿದ್ರಾ?" ಎಂದು ಫಿರ್ದೋಸ್ ಕೇಳಿದಳು.

"ಆನೆಗಳನ್ನ ಅಟ್ಟೋ ತನಕ ಅಲ್ಲೇ ಇದ್ರು," ಎಂದ ಮಹೇಶ್. ಅವನ ದನಿ ತಗ್ಗಿತ್ತು. "ಚಾಪೆ ತಂದ್ಕೊಟ್ಟಿದ್ದು ನಾನೇ."

ಫಿರ್ದೋಸ್ ತಾನು ಕಷ್ಟಪಟ್ಟು ಮಾಡಿದ್ದ ಮೋಡಗಳನ್ನು ಒಮ್ಮೆ ನೋಡಿದಳು. "ಅದು ಬೇಡ ಅಣ್ಣ. ಇದನ್ನೇ ಹಾಕೋಣ."

"ಆಳೂರಿನ ಕಲ್ಯಾಣಮಂಟಪ ತುಂಬ ಜನ ಇರ್ತಾರೆ ಕಣಮ್ಮ. ಎದುರು ಪಾರ್ಟಿಯೋರೂ ಬರ್ತಾರೆ. ಒಬ್ಬ ನಕ್ಕರೂ ಅತ್ತಿಗೆ ಮುಂದೆ ನಾನು ಹೆಂಗೆ ನಿಂತ್ಕೊಳ್ಳಿ? ನೀನು ಹೊಣೆ ಹೊರ್ತೀಯಾ?"

ನಕ್ಕರೆ ತಾಲ್ಲೂಕಿನಲ್ಲಿ ಮುಂದೆ ಮದುವೆ ವಿಡಿಯೊಗೂ ತನ್ನನ್ನು ಯಾರೂ ಕರೆಯುವುದಿಲ್ಲ ಎಂಬುದು ಫಿರ್ದೋಸ್‌ಗೆ ಗೊತ್ತಿತ್ತು. "ಹೊರ್ತೀನಿ," ಎಂದಳು.

ಪುಣ್ಯತಿಥಿಯ ದಿನ ಮಂಟಪದಲ್ಲಿ ಕಾಲಿಡಲು ಜಾಗವಿರಲಿಲ್ಲ. ಫಿರ್ದೋಸ್ ಲ್ಯಾಪ್‌ಟಾಪ್ ಮುಂದೆ ನಿಂತಿದ್ದಳು. ಹಾರ, ಸನ್ಮಾನ, ಶಂಕುಸ್ಥಾಪನೆಯ ಫೋಟೊಗಳು ಮುಗಿದು ಚೌಡಮ್ಮ ತೆಗೆದಿದ್ದ ವಿಡಿಯೊ ಶುರುವಾಯಿತು. "ಆನೆ ಕಾಡಿಗೆ ಹೋ... ಹೋ..." ಪರದೆಯೊಳಗಿನ ಗುಂಪಿನಲ್ಲಿ ಆ ನಗು ಕೇಳಿಸಿತು. ಮಂಟಪದಲ್ಲಿ ಯಾರೂ ನಗಲಿಲ್ಲ. ಕುರ್ಚಿ ಸರಿದ ಸದ್ದೂ ಇಲ್ಲ.

ಆಗ ಸ್ಪೀಕರ್‌ಗಳಿಂದ ಇನ್ನೊಂದು ದನಿ ಬಂತು. ಕ್ಯಾಮೆರಾದ ಹಿಂದಿನಿಂದ, ತನ್ನಷ್ಟಕ್ಕೆ ತಾನೇ ಪಿಸುಗುಟ್ಟುವ ಹೆಂಗಸಿನ ದನಿ. "ನಿಧಾನಕ್ಕೆ ಹೇಳ್ರೀ... ನಾನಿಲ್ಲೇ ಇದೀನಿ."

ಇಡೀ ಮಂಟಪ ಮೊದಲ ಸಾಲಿನ ಕಡೆಗೆ ತಿರುಗಿತು. ಚೌಡಮ್ಮ ಗಾಬರಿಯಿಂದ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಪರದೆಯ ಮೇಲೆ ದೇವೀರಪ್ಪ ನಗು ಬಂದ ಕಡೆಗೆ ತಿರುಗಿ ಉತ್ತರ ಕೊಟ್ಟು, ತಮ್ಮ ಮಾತನ್ನು ಒಂದೊಂದೇ ಪದವಾಗಿ ಪೂರ್ತಿ ಮಾಡಿದರು. ಕೇಳುತ್ತ ಕೇಳುತ್ತ ಚೌಡಮ್ಮನವರ ಕೈ ಕೆಳಗಿಳಿಯಿತು, ಬೆನ್ನು ನೆಟ್ಟಗಾಯಿತು. ಕುಂದೂರಿನಿಂದ ಬಂದಿದ್ದ ಲೈನಿನ ಹೆಂಗಸರು ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿಂದೆಯೇ ಎಲ್ಲರೂ ಎದ್ದರು. ಎದುರು ಪಾರ್ಟಿಯವರೂ.

ಮಹೇಶ್ ಕಣ್ಣೊರೆಸಿಕೊಳ್ಳುತ್ತ ಫಿರ್ದೋಸ್ ಹತ್ತಿರ ಬಂದ. "ಅತ್ತಿಗೆ ದನಿ ಐತೆ ಅಂತ ನಂಗೆ ಗೊತ್ತೇ ಆಗ್ಲಿಲ್ವಲ್ಲ! ನಿಂಗೂ ಕೇಳಿಸಿರ್ಲಿಲ್ವಾ?"

"ಕೇಳಿಸ್ತು ಅಣ್ಣ. ತುಂಬ ಸಣ್ಣಕ್ಕಿತ್ತು," ಎಂದಳು ಫಿರ್ದೋಸ್. "ನಾನೇ ಒಂಚೂರು ಸೌಂಡ್ ಜಾಸ್ತಿ ಮಾಡ್ದೆ."