ಬಯ್ಯಪ್ಪ ಸರ್ಕಲ್

"ಲೋ ಮಧು, ನಿನ್ ತಾತ ಮೋಡ ನೋಡಿದ್ದೆಲ್ಲ ನೆಲದ ಮೇಲೆ ನಿಂತ್ಕೊಂಡೇ ಕಣೋ!"

ತೊಂಡೇಬಾವಿ ಸ್ಟೇಷನ್ ಎದುರಿನ ಟೀ ಅಂಗಡಿ ಗೊಳ್ಳೆಂದು ನಕ್ಕಿತು. ಅಂದವನು ಮುದುಕ ಕೋನಪ್ಪ. ಮಧುಸೂದನ ಗ್ಲಾಸನ್ನು ಬೆಂಚಿನ ಮೇಲೆ ಕುಕ್ಕಿದ. ಅದು ಬರೀ ಕೋಪಕ್ಕೆ ಅಂತ ತನಗೆ ತಾನೇ ಹೇಳಿಕೊಂಡ.

ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟು ವೆಲ್ಡಿಂಗ್ ಹಿಡಿದವನಿಗೆ ಇದ್ದದ್ದು ಒಂದೇ ಡಿಗ್ರಿ: ತಾತ ಬಯ್ಯಪ್ಪ. ಎಪ್ಪತ್ತೊಂದರ ಯುದ್ಧದಲ್ಲಿ ಸಾಮಾನು ಸಾಗಿಸುವ ವಿಮಾನದಲ್ಲಿ ಹಾರಿ, ಹಿಂಬಾಗಿಲಿನಿಂದ ಬಾಂಬು ತಳ್ಳಿದವನು. ಪದಕವೂ ಇತ್ತು. ಕೋನಪ್ಪ ಅದೇ ವಿಮಾನಕ್ಕೆ ಬಾಂಬು ತುಂಬಿ ಕೆಳಗೇ ಉಳಿಯುತ್ತಿದ್ದ ನೆಲದ ಸಿಬ್ಬಂದಿ. ಬರುವ ಭಾನುವಾರ ಊರಿನ ಸರ್ಕಲ್ಲಿಗೆ ತಾತನ ಹೆಸರಿಡುವ ಸಭೆ. ಬೋರ್ಡು ಮಧುವೇ ಬೆಸೆದದ್ದು. ಊರು ಈಗ ಅನುಮಾನಪಟ್ಟರೆ ಬೋರ್ಡೂ ಇಲ್ಲ, ಡಿಗ್ರಿಯೂ ಇಲ್ಲ.

"ಹೊಟ್ಟೆಕಿಚ್ಚು ನಿಂಗೆ. ಸಾಕ್ಷಿ ತರ್ತೀನಿ, ಇರು," ಎಂದ.

"ಬೇಡ ಕಣಪ್ಪ, ಬಿಟ್ಬಿಡು," ಎಂದ ಪಕ್ಕದಲ್ಲಿದ್ದ ತಾತ.

ತಾತ ಯಾವಾಗಲೂ ಹೀಗೇ, ಸಾಧು. ಕೋನಪ್ಪ ಕೂರುವ ತನಕ ತಾನೂ ಕೂರುತ್ತಿರಲಿಲ್ಲ. ನೀರಿನ ಟ್ಯಾಂಕು ನೋಡಲೂ ಏಣಿ ಹತ್ತುತ್ತಿರಲಿಲ್ಲ. ಆಕಾಶವನ್ನೇ ಕಂಡವನಿಗೆ ಟ್ಯಾಂಕು ಯಾವ ಲೆಕ್ಕ ಎಂದು ಮಧು ಊರಿಗೆಲ್ಲ ಸಾರಿದ್ದ. ಮಧು ಅಂಥ ಬುದ್ಧಿವಂತ.

ಮಾಜಿ ಸೈನಿಕರನ್ನೆಲ್ಲ ವಿಚಾರಿಸಿ, ಕೊನೆಗೆ ಸಾಕ್ಷಿ ಶಿಡ್ಲಘಟ್ಟದಲ್ಲಿ ಸಿಕ್ಕಿತು. ಲಾಲ್ ಬಾಷಾ, ರೇಷ್ಮೆ ವ್ಯಾಪಾರದ ಮನೆಯ ಹಿರಿಯ. ಅದೇ ವಿಮಾನದಲ್ಲಿ ಬಾಂಬು ತಳ್ಳಿದವರು.

"ಬಯ್ಯಪ್ಪಾನಾ? ಕತ್ತಲಲ್ಲಿ ಹೆಸರು ಕೂಗೋರು, ಓ ಅಂದು ಹತ್ತೋನು. ಹುಲಿ, ಬೇಟಾ! ಅವನು ಹಿಡ್ಕೊಳ್ಳದಿದ್ರೆ ನಾನೂ ಬಾಂಬಿನ ಜೊತೆ ಕೆಳಗೆ ಹೋಗ್ತಿದ್ದೆ. ಯುದ್ಧ ಮುಗಿದ್ಮೇಲೆ ಸಿಕ್ಕೇ ಇಲ್ಲ. ಕರ್ಕೊಂಡು ನಡಿ."

ಭಾನುವಾರ ಮಧು ಅವರನ್ನು ಬೈಕಿನಲ್ಲಿ ತಂದು ಸಭೆಯ ನಡುವೆ ನಿಲ್ಲಿಸಿದ. ಮೈಕು ಕಿತ್ತುಕೊಂಡ.

"ಈಗ ಮಾತಾಡು ಕೋನಪ್ಪ!"

"ಏಮಿರಾ, ದೊಡ್ಡೋರನ್ನ ಬಿಸಿಲಲ್ಲಿ ನಿಲ್ಲಿಸಿದೀಯಲ್ಲೋ! ಕುರ್ಚಿ ಹಾಕೋ, ಕತ್ತೆ!" ಎಂದು ಕೋನಪ್ಪ ತೆಲುಗು ಬೆರೆಸಿ ಗದರಿದ.

ಲಾಲ್ ಬಾಷಾ ತಟ್ಟನೆ ತಿರುಗಿದರು. ಕಣ್ಣಿಗೆ ಪೊರೆ ಬಂದಿತ್ತು, ಕಿವಿ ಮಾತ್ರ ಚುರುಕು. ಎದ್ದು ನಿಂತಿದ್ದ ತಾತನನ್ನು ದಾಟಿ ಹೋದರು. ಕೋನಪ್ಪನನ್ನು ಎರಡೂ ಕೈಯಲ್ಲಿ ಬಾಚಿ ತಬ್ಬಿ ಅತ್ತರು.

"ಬಯ್ಯಪ್ಪಾ! ಬಾಂಬು ತಳ್ಳೋವಾಗ್ಲೂ ಹಿಂಗೇ ಬೈತಿದ್ದೆಯಲ್ಲೋ! ಬಯ್ಯಪ್ಪ ಅಂತ ಹೆಸರು ಕೂಗಿದಾಗ ಓ ಅಂದು ಹತ್ತಿದೋನು ಇವನೇ ಕಣ್ರಪ್ಪ!"

ಕೋನಪ್ಪ ತಾತನ ಕಡೆ ನೋಡಿದ. ತಾತ ನೆಲ ನೋಡುತ್ತಿದ್ದ; ಅವನು ಎಂದೂ ಹತ್ತದ ಏಣಿ ಮಧುವಿಗೆ ನೆನಪಾಯಿತು.

ಲಾಲ್ ಬಾಷಾ ಕಣ್ಣೊರೆಸಿಕೊಂಡು, "ಅದ್ಸರಿ ಬೇಟಾ, ಇಲ್ಲಿ ನಿಂತಿರೋ ಯಜಮಾನ್ರು ಯಾರು?" ಎಂದರು.

ಮಧು ಮೈಕನ್ನು ಕೋನಪ್ಪನ ಕೈಗಿಟ್ಟು, ಸಭೆಯಿಂದ ನಡೆದುಬಿಟ್ಟ.