ಅವ್ವನ ಹನ್ನೆರಡು ಗುರುತುಗಳು

ಒದ್ದೆ ಹಾಸುಗಲ್ಲಿನ ವಾಸನೆ ಬಂದರೆ ಈಗಲೂ ನನಗೆ ಆ ಮಂಗಳವಾರದ ಮಧ್ಯಾಹ್ನ ನೆನಪಾಗುತ್ತದೆ.

ಶಹಾಬಾದಿನ ನಮ್ಮ ಮನೆಯಲ್ಲಿ, ಓದುಬರಹ ಬಾರದ ಅವ್ವ ದಿನಾ ನಸುಕಿನಲ್ಲಿ ಒಲೆಯ ಪಕ್ಕದ ನೆಲದ ಕಲ್ಲಿನ ಮೇಲೆ ಅಂದಿನ ಕೆಲಸಗಳಿಗೆ ಬಳಪದಿಂದ ಗುರುತು ಹಾಕುತ್ತಿದ್ದಳು. ದುಂಡಗಿನದು ಜೋಳ ಬೀಸಿಸುವುದು, ಅಡ್ಡಗೆರೆ ಬಟ್ಟೆ ಒಗೆಯುವುದು, ಸಣ್ಣ ಚುಕ್ಕೆ ಅಜ್ಜಿಯ ಮಧ್ಯಾಹ್ನದ ಗುಳಿಗೆ. ಒಂದೊಂದು ಕೆಲಸ ಮುಗಿದಂತೆ ಅದರ ಗುರುತನ್ನು ಒದ್ದೆ ಬೆರಳಿನಿಂದ ಒರೆಸುತ್ತಿದ್ದಳು. ಎಲ್ಲವನ್ನೂ ಎಣಿಸಿಡುವ ಚಟದ ನಾನು ಆ ಮಂಗಳವಾರ ಬೆಳಿಗ್ಗೆ ಅಲ್ಲಿದ್ದ ಗುರುತುಗಳನ್ನು ನನ್ನ ನೋಟ್‌ಬುಕ್ಕಿನಲ್ಲಿ ನಕಲು ಮಾಡಿಕೊಂಡು, ಕೆಳಗೆ ‘ಹನ್ನೆರಡು’ ಎಂದು ಬರೆದಿಟ್ಟಿದ್ದೆ.

ಅವ್ವ ನೀರಿಗೆ ಹೋದಾಗ, ಅವಳಿಗೆ ನೆರವಾಗಲೆಂದು ಅಡುಗೆಮನೆಯ ನೆಲ ಒರೆಸಿದೆ. ಉಳಿದಿದ್ದ ಏಳೂ ಗುರುತುಗಳು ಅಳಿಸಿಹೋದವು. ಇನ್ನು ಅವ್ವ ಅಜ್ಜಿಯ ಗುಳಿಗೆಯನ್ನೂ ಮರೆತುಬಿಡುತ್ತಾಳೆಂದು ನನಗೆ ಅಳುವೇ ಬಂತು.

ಅವ್ವ ಬಂದು ನೋಡಿ ನಕ್ಕಳು. “ಅಯ್ಯ, ನನ್ನ ಕೆಲಸೆಲ್ಲಾ ಒಂದೇ ಸಲಕ್ಕ ಮುಗಿಸಿಬಿಟ್ಟೆಲ್ಲವ್ವಾ!”

ನಕಲು ಮಾಡಿದ್ದು ಆಗ ನೆನಪಾಗಿ, ನಾನು ಓಡಿಹೋಗಿ ನೋಟ್‌ಬುಕ್ಕು ತರುವಷ್ಟರಲ್ಲಿ ಅವಳು ಏಳನ್ನೂ ಮತ್ತೆ ಬರೆದಿದ್ದಳು. ಒಂದೊಂದಾಗಿ ಹೋಲಿಸಿದೆ. ಸಾಲು ಕೂಡ ತಪ್ಪಿರಲಿಲ್ಲ. ಬೆರಗಿನಿಂದ ಅವಳನ್ನೇ ಕೇಳಿದೆ.

“ಎಲ್ಲಾ ನೆನಪಿದ್ದ ಮ್ಯಾಲ ಬರಿಯೋದ್ಯಾಕವ್ವಾ?”

“ನೆನಪಿಗಲ್ಲ, ಒರಸಾಕ. ಮನಿ ಕೆಲಸ ಮುಗೀತಂತ ನಮಗ ಮತ್ತ್ಯಾರು ಹೇಳ್ತಾರ?”

ಆಮೇಲೆ ಬಳಪ ಹಿಡಿದು ಕೊನೆಯಲ್ಲಿ ಇನ್ನೊಂದು ಗುರುತು ಬರೆದಳು. ನೆಲ ಒರೆಸುವ ಅರಿವೆಯಂತಿತ್ತು. “ಇದು ನಿಂದು,” ಎಂದು ನನ್ನ ಬೆರಳನ್ನು ನೀರಿನಲ್ಲಿ ಅದ್ದಿ ಅದರ ಮೇಲಿಟ್ಟಳು.

ನನ್ನ ನೋಟ್‌ಬುಕ್ಕಿನ ಆ ದಿನದ ಪುಟದಲ್ಲಿ ‘ಹನ್ನೆರಡು’ ಎಂಬುದನ್ನು ಹೊಡೆದುಹಾಕಿ ‘ಹದಿಮೂರು’ ಎಂದು ಬರೆದಿದೆ.